ಪೊಟೊಮ್ಯಾಕ್ ನದಿಯಲ್ಲಿ ನೀರಿಗಿಳಿದು ಬಾಸ್ ಮೀನು ಹಿಡಿಯೋದು ಹೇಗೆ?

ವಾಷಿಂಗ್ಟನ್ ಕಡೆ ಇರೋ ನಮ್ಮವರು ಬೇಸಿಗೆಯಲ್ಲಿ ಗಾಳ ಹಿಡಿದು ಹೊರಡುವುದಾದರೆ ಮೇರಿಲ್ಯಾಂಡ್ ರಾಜ್ಯದ ಪಾಯಿಂಟ್ ಆಫ್ ರಾಕ್ಸ್ ಊರಿನ ಸುತ್ತಮುತ್ತ ಹೋಗಿ. ಬಂಡೆ ತುಂಬಿದ ಹೊಳೆ, ಸ್ಮಾಲ್‌ಮೌತ್ ಅನ್ನೋ ಜಾತಿಯ ಬಾಸ್‌ಗೆ ಹೇಳಿ ಮಾಡಿಸಿದ ಜಾಗ.

ಮೊದಲು ನೀರಿನ ಮಟ್ಟ ನೋಡಿ, ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆಯ (ಯುಎಸ್‌ಜಿಎಸ್) ಅಳತೆ ಆನ್‌ಲೈನ್‌ನಲ್ಲೇ ಸಿಗುತ್ತದೆ. ನೀರು ಏರುತ್ತಿದ್ದರೆ, ಕದಡಿದ್ದರೆ ಇಳಿಯಲೇಬೇಡಿ. 16 ವರ್ಷ ತುಂಬಿದವರಿಗೆ ಮೀನು ಹಿಡಿಯೋ ಲೈಸೆನ್ಸ್ ಬೇಕು. ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ಅಟ್ಟೆಯ ಬೂಟು ಮೇರಿಲ್ಯಾಂಡ್‌ನಲ್ಲಿ 2011ರಿಂದ ನಿಷೇಧ, ಯಾಕಂದ್ರೆ ಒದ್ದೆ ಫೆಲ್ಟ್‌ಗೆ ಡಿಡಿಮೊ ಅನ್ನೋ ಪಾಚಿ ಅಂಟಿಕೊಂಡು ಒಂದು ಹೊಳೆಯಿಂದ ಇನ್ನೊಂದಕ್ಕೆ ಹರಡುತ್ತದೆ. ರಬ್ಬರ್ ಅಟ್ಟೆಯದ್ದೇ ತಗೊಳ್ಳಿ. ಲೈಫ್ ಜಾಕೆಟ್ ಬಿಡಬೇಡಿ.

ನಡೆಯುವಾಗ ಹರಿವಿಗೆ ಓರೆಯಾಗಿ ನಿಂತು, ಕಾಲು ಎತ್ತದೆ ತಳ ಸವರಿಕೊಂಡೇ ಹೋಗಿ, ಒಂದು ಪಾದ ಗಟ್ಟಿಯಾಗಿ ಊರಿದ ಮೇಲಷ್ಟೇ ಇನ್ನೊಂದನ್ನು ಸರಿಸಿ, ಕೈಯಲ್ಲಿ ಕೋಲಿರಲಿ. ನೀರು ತೊಡೆ ದಾಟಿತಾ? ವಾಪಸ್ ಬನ್ನಿ. ಬಿದ್ದರೆ ಬೆನ್ನ ಮೇಲೆ ತೇಲಿ, ಪಾದ ಹರಿವಿನ ದಿಕ್ಕಿಗೆ ಮುಂದಿರಲಿ, ಹರಿವಿನಲ್ಲಿ ಎದ್ದು ನಿಲ್ಲೋಕೆ ಹೋಗಬೇಡಿ. ಬಂಡೆ ಸಂದಿಗೆ ಕಾಲು ಸಿಕ್ಕಿದರೆ ಜೀವಕ್ಕೇ ಅಪಾಯ.

ಬಾಸ್ ಸುಮ್ನೆ ಹರಿವಿಗೆ ಎದುರಾಗಿ ಈಜಿ ಸುಸ್ತಾಗೋದಿಲ್ಲ. ಬಂಡೆ ಹಿಂದೆ ನಿಧಾನ ನೀರಿನಲ್ಲಿ ನಿಂತು, ಪಕ್ಕದ ವೇಗದ ಹರಿವಿನಲ್ಲಿ ಏನು ತೇಲಿ ಬರುತ್ತೆ ಅಂತ ಕಾಯುತ್ತದೆ. ಹರಿವು ಬರೋ ಕಡೆಗೆ, ಬಂಡೆಗಿಂತ ಸ್ವಲ್ಪ ಮೇಲೆ ಗಾಳ ಎಸೆದು, ಹರಿವೇ ಅದನ್ನು ಪಕ್ಕದಿಂದ ತರಲು ಬಿಡಿ. ಬಾಸ್‌ನ ಮುಖ್ಯ ಊಟ ಕ್ರೇಫಿಶ್ (ಸಿಗಡಿಯಂಥ ಸಿಹಿನೀರಿನ ಜೀವಿ), ಹಾಗಾಗಿ ಕಂದು ಬಣ್ಣದ ಟ್ಯೂಬ್ ಜಿಗ್ (ಭಾರದ ಕೊಕ್ಕೆಗೆ ಹಾಕಿದ ಕೊಳವೆಯಾಕಾರದ ಮೆತ್ತನೆಯ ನಕಲಿ ಎರೆ) ತಳ ತಟ್ಟುತ್ತಾ ಬಂದರೆ ಸಾಕು. ದಾರ ಟಕ್ ಅಂದರೆ ಎಳೆಯಿರಿ.