ಜೇನು ತೆಗೆದ ಮೇಲೆ ಮೇಣವನ್ನು ಎಸೆಯಬೇಡಿ

ರಬ್ಬರ್ ಮರಗಳು ಎಲೆ ಉದುರಿಸಿ ಹೊಸ ಚಿಗುರು ತಳೆಯುವ ಫೆಬ್ರುವರಿ, ಮಾರ್ಚ್ ತಿಂಗಳುಗಳೇ ಕಾಸರಗೋಡಿನಲ್ಲಿ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುನೊಣ, ಸಾಕುವವರಿಗೆ ಸುಗ್ಗಿ. ಇಲ್ಲಿ ರಬ್ಬರಿನ ಮಕರಂದ ಹೆಚ್ಚಾಗಿ ಸಿಗುವುದು ಹೂವಿನಲ್ಲಲ್ಲ, ಎಳೆಯ ಎಲೆಯ ತೊಟ್ಟು ಮೂರು ಕಿರುಎಲೆಗಳಾಗಿ ಕವಲೊಡೆಯುವ ಜಾಗದ ಗ್ರಂಥಿಗಳಲ್ಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ತೋಟದ ಬದಿಯಲ್ಲಿ ಹವ್ಯಾಸಕ್ಕೆಂದು ಎರಡು ಮೂರು ಪೆಟ್ಟಿಗೆ ಇಟ್ಟವರಿಗೂ ಈ ಕಾಲದಲ್ಲಿ ಮನೆಖರ್ಚಿಗೆ ಮಿಕ್ಕಿ ಜೇನು ಸಿಗುತ್ತದೆ.

ಜೇನು ತೆಗೆಯುವುದನ್ನು ಹೆಚ್ಚಿನವರು ಒಂದು ಮಟ್ಟಿಗೆ ಕಲಿತಿದ್ದಾರೆ. ಮೇಣದ ಗತಿ ಮಾತ್ರ ಬೇಸರ ತರಿಸುತ್ತದೆ. ಕೆಲವರು ಎರಿಯನ್ನು, ಅಂದರೆ ನೊಣಗಳು ಮೇಣದಲ್ಲಿ ಕಟ್ಟಿದ ಕೋಶಗಳ ಹಲಗೆಯನ್ನು, ತೆಂಗಿನ ಬುಡಕ್ಕೆ ಎಸೆಯುತ್ತಾರೆ. ಇನ್ನು ಕೆಲವರು ಅಲ್ಯುಮಿನಿಯಂ ಪಾತ್ರೆಗೆ ಹಾಕಿ ಗ್ಯಾಸ್ ಒಲೆಯ ಮೇಲೆ ಕೊತಕೊತ ಕುದಿಸಿ, ಕೊನೆಗೆ ಕಂದು ಮುದ್ದೆಯನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಒಂದು ಕಿಲೋ ಮೇಣ ಸ್ರವಿಸಲು ನೊಣಗಳು ಆರೇಳು ಕಿಲೋ ಜೇನು ತಿನ್ನಬೇಕು ಎಂಬುದು ಸಾಕಣೆದಾರರ ಲೆಕ್ಕ. ಅಷ್ಟು ದುಬಾರಿಯ ವಸ್ತು ಅದು.

ಮೊದಲು, ಎರಿ ಆರಿಸುವುದು

ಪೆಟ್ಟಿಗೆಯ ಮೇಲಿನ ಜೇನು ಕೋಣೆಯ ಎರಿಯನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಕೋಶಗಳ ಬಾಯಿಗೆ ಬಿಳಿ ಮೇಣದ ಮುಚ್ಚಳ ಬಿದ್ದಿರಬೇಕು. ಮುಕ್ಕಾಲು ಪಾಲಿಗಿಂತ ಕಡಿಮೆ ಮುಚ್ಚಿದ್ದರೆ ಹಾಗೆಯೇ ಮರಳಿ ಇಡಿ. ಅನುಮಾನವಿದ್ದರೆ ಎರಿ ಕಟ್ಟಿದ ಮರದ ಚೌಕಟ್ಟನ್ನು ಅಡ್ಡಲಾಗಿ ಹಿಡಿದು ಒಮ್ಮೆ ಜಾಡಿಸಿ. ಹನಿ ಉದುರಿದರೆ ಅದು ಇನ್ನೂ ಮಾಗಿಲ್ಲ. ನೀರಿನ ಅಂಶ ಶೇಕಡಾ 20ನ್ನು ಮೀರಿದ ಜೇನು ಸುಲಭವಾಗಿ ಹುಳಿ ಬರುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಪೂರ್ತಿ ಮುಚ್ಚಿದ ಎರಿಯ ಜೇನು ಕೂಡ ಆ ಗಡಿಯ ಆಸುಪಾಸಿನಲ್ಲಿರುತ್ತದೆ. ಹಾಗಿರುವಾಗ ಮುಚ್ಚದ ಎರಿಯನ್ನು ತಿರುಗಿಸಿ ಬಾಟಲಿ ತುಂಬಿಸುವ ಆತುರ ಏಕೆ? ಆಮೇಲೆ ಒಲೆಯ ಮೇಲಿಟ್ಟು ನೀರಿನಂಶ ಇಂಗಿಸುವ ಉಪಾಯವನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ಕಾಯಿಸಿದ ಜೇನಿನಲ್ಲಿ ಪರಿಮಳ ಉಳಿಯುವುದಿಲ್ಲ, ಬಣ್ಣವೂ ಕಪ್ಪಾಗುತ್ತದೆ.

ಮೊಟ್ಟೆ, ಮರಿಗಳಿರುವ ಕೆಳಗಿನ ಸಂಸಾರ ಕೋಣೆಯ ಜೇನನ್ನು ಮುಟ್ಟಲೇಬೇಡಿ. ಜೂನ್‌ನಿಂದ ಮಳೆ ಹಿಡಿದು ಕೂತಾಗ ಆ ಪೆಟ್ಟಿಗೆಯ ನೊಣಗಳ ಕುಟುಂಬ ಬದುಕುವುದು ಅದರ ಮೇಲೆ.

ಎರಡನೆಯದು, ತೆಗೆದು ತಿರುಗಿಸುವುದು

ನೊಣಗಳನ್ನು ಸುಮ್ಮನಾಗಿಸಲು ಹೊಗೆ ಊದುವ ತಿದಿಗೆ ಒಣ ತೆಂಗಿನ ಸಿಪ್ಪೆ ಸಾಕು. ಸೀಮೆಎಣ್ಣೆ ಬಟ್ಟೆ ಸುಟ್ಟರೆ ಆ ವಾಸನೆ ಜೇನಿಗೆ ಹತ್ತುತ್ತದೆ. ಎರಿಯ ಮೇಲಿನ ನೊಣಗಳನ್ನು ಮೃದು ಕುಂಚದಿಂದ ಪೆಟ್ಟಿಗೆಯೊಳಕ್ಕೇ ಸರಿಸಿ, ಎರಿಗಳನ್ನು ಮುಚ್ಚಿದ ಡಬ್ಬದಲ್ಲಿ ಮನೆಯೊಳಗೆ ತಂದು ಬಾಗಿಲು ಹಾಕಿಕೊಳ್ಳಿ. ಚೂರಿಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮುಚ್ಚಳಗಳನ್ನು ತೆಳುವಾಗಿ ಸವರಿ ತೆಗೆಯಿರಿ. ತುಡುವೆಯ ಎರಿ ಮೃದು, ಅದರಲ್ಲೂ ಈ ವರ್ಷ ಕಟ್ಟಿದ ಹೊಸ ಎರಿ. ಆದ್ದರಿಂದ ಎರಿಯನ್ನು ತಿರುಗಿಸಿ ಜೇನು ಹೊರಹಾಕುವ ಯಂತ್ರವನ್ನು ಮೊದಲು ನಿಧಾನ ತಿರುಗಿಸಿ ಒಂದು ಬದಿಯ ಅರ್ಧ ಜೇನು ತೆಗೆದು, ಮಗುಚಿ ಇನ್ನೊಂದು ಬದಿ ಪೂರ್ತಿ ಮುಗಿಸಿ, ಆಮೇಲೆ ಮೊದಲ ಬದಿಯ ಉಳಿದದ್ದನ್ನು ತೆಗೆಯಬೇಕು. ಖಾಲಿ ಎರಿಗಳನ್ನು ಮುಸ್ಸಂಜೆಯಲ್ಲಿ ಮರಳಿ ಪೆಟ್ಟಿಗೆಗೆ ಇಡಿ. ಹಗಲಲ್ಲಿ ಇಟ್ಟರೆ ಅಕ್ಕಪಕ್ಕದ ಕುಟುಂಬಗಳ ನೊಣಗಳು ಕೊಳ್ಳೆ ಹೊಡೆಯಲು ಬರುತ್ತವೆ.

ಸತುವಿನ ಲೇಪದ ತಗಡಿನ ಯಂತ್ರ ಅಗ್ಗವೆಂದು ಕೊಳ್ಳಬೇಡಿ. ಜೇನು ಆಮ್ಲೀಯ, ಲೇಪವನ್ನು ಕರಗಿಸಿಕೊಳ್ಳುತ್ತದೆ. ಪೆಟ್ಟಿಗೆ ಒಂದೇ ಇದ್ದರೂ ಸರಿ, ನಾಲ್ಕು ಮನೆಯವರು ಸೇರಿ ಸ್ಟೀಲ್ ಯಂತ್ರ ಕೊಳ್ಳಿ. ಯಂತ್ರ ಸಿಗದಿದ್ದರೆ ಎರಿ ಕೊಯ್ದು ಬಟ್ಟೆಯಲ್ಲಿ ತೂಗುಹಾಕಿ ಇಳಿಸಬಹುದು. ಆದರೆ ಮೊಟ್ಟೆ, ಮರಿ ಇರುವ ಭಾಗವನ್ನು ಸೇರಿಸಿ ಕೈಯಲ್ಲಿ ಹಿಂಡುವುದು ಜೇನಿಗೂ ಕುಟುಂಬಕ್ಕೂ ಮಾಡುವ ಅನ್ಯಾಯ.

ಸೋಸಿ, ಒಂದೆರಡು ದಿನ ನೆಲೆಗೊಳ್ಳಲು ಬಿಟ್ಟು, ನೊರೆ ತೆಗೆದು, ಒಣ ಬಾಟಲಿಗೆ ತುಂಬಿಸಿ. ರಬ್ಬರ್ ಜೇನು ಬೇಗ ಹರಳುಗಟ್ಟುತ್ತದೆ, ಅದು ಕಲಬೆರಕೆಯ ಗುರುತಲ್ಲ. ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಜೇನಿನಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವಾಗುವ ಅಪಾಯವಿದೆ. ದಯವಿಟ್ಟು ಬೇಡ.

ಮೂರನೆಯದು, ಮೇಣ

ಇಲ್ಲಿ ನಿಧಾನಿಸಿ. ಮೊದಲು ವಿಂಗಡಣೆ. ಚೂರಿಯಿಂದ ಸವರಿದ ಮುಚ್ಚಳಗಳ ಮೇಣ ಅತ್ಯಂತ ಶುದ್ಧ, ಅದನ್ನು ಬೇರೆಯಾಗಿಯೇ ಇಡಿ. ಜೇನು ಕೋಣೆಯ ಮುರಿದ ಎರಿ ಎರಡನೆಯ ದರ್ಜೆ. ಸಂಸಾರ ಕೋಣೆಯಿಂದ ತೆಗೆದ ಹಳೆಯ ಕಪ್ಪು ಎರಿಯಲ್ಲಿ ಮರಿಗಳು ಕಳಚಿಟ್ಟ ಪೊರೆಯೇ ತುಂಬಿದ್ದು, ಅದು ಕರಗುವಾಗ ಮೇಣವನ್ನು ಹೀರಿಕೊಳ್ಳುತ್ತದೆ. ಮೂರನ್ನೂ ಒಟ್ಟಿಗೆ ಹಾಕಿದರೆ ಒಳ್ಳೆಯ ಮೇಣವೂ ಕೆಡುತ್ತದೆ.

ಮುಚ್ಚಳಗಳನ್ನು ರಾತ್ರಿಯಿಡೀ ಬಟ್ಟೆಯಲ್ಲಿ ತೂಗಿಸಿ ಜೇನು ಇಳಿಸಿಕೊಳ್ಳಿ. ನೊಣಗಳೇ ನೆಕ್ಕಿ ಶುದ್ಧಮಾಡಲಿ ಎಂದು ಅಂಗಳದಲ್ಲಿ ಹರಡುವವರಿದ್ದಾರೆ. ಕೊಳ್ಳೆ ಶುರುವಾಗುವುದೂ ರೋಗ ಹರಡುವುದೂ ಹೀಗೆಯೇ. 1990ರ ದಶಕದ ಆರಂಭದಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಸಾಮೂಹಿಕವಾಗಿ ನಾಶಮಾಡಿತ್ತು. ಅದನ್ನು ಕಂಡ ಹಿರಿಯರು ಪೆಟ್ಟಿಗೆಯ ಬಳಿ ಒಂದು ಚೂರು ಎರಿ ಬೀಳಲೂ ಬಿಡುವುದಿಲ್ಲ. ಬಳಿಕ ಮೇಣವನ್ನು ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಜೇನಿನಂಶ ಉಳಿದರೆ ಬಿಸಿಗೆ ಕಂದಾಗಿ ಮೇಣಕ್ಕೆ ಬಣ್ಣ ಹಿಡಿಯುತ್ತದೆ.

ಪಾತ್ರೆ ಸ್ಟೀಲಿನದೇ ಆಗಿರಲಿ. ಕಬ್ಬಿಣ, ತಾಮ್ರ, ಅಲ್ಯುಮಿನಿಯಂ ಮೂರೂ ಮೇಣದ ಬಣ್ಣ ಕೆಡಿಸುತ್ತವೆ. ಈ ಕೆಲಸಕ್ಕೆ ಹಳೆಯದೊಂದು ಪಾತ್ರೆಯನ್ನು ಶಾಶ್ವತವಾಗಿ ಮೀಸಲಿಡಿ, ಏಕೆಂದರೆ ಅದು ಮತ್ತೆ ಅಡುಗೆಗೆ ಆಗುವುದಿಲ್ಲ. ನೀರು ಮಳೆಯದಾದರೆ ಉತ್ತಮ. ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ.

ತೊಳೆದ ಎರಿಯನ್ನು ಹಳೆಯ ಬೈರಾಸಿನಲ್ಲಿ (ಟವೆಲಿನಲ್ಲಿ) ಸಡಿಲವಾಗಿ ಗಂಟು ಕಟ್ಟಿ, ಮೇಲೇಳದಂತೆ ಒಂದು ತೊಳೆದ ಕಲ್ಲನ್ನೂ ಒಳಗೆ ಸೇರಿಸಿ. ಗಂಟು ಮುಳುಗುವಷ್ಟು ನೀರಿರಲಿ, ಪಾತ್ರೆಯ ಮೇಲ್ಭಾಗ ನಾಲ್ಕು ಬೆರಳಿನಷ್ಟು ಖಾಲಿ ಇರಲಿ. ಗೆರಟೆಯ (ತೆಂಗಿನ ಚಿಪ್ಪಿನ) ಕೆಂಡ ಸಾಕು, ಉರಿ ಬೇಡ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು ಕುದಿಯುವ ಅಗತ್ಯವೇ ಇಲ್ಲ. ಜೋರಾಗಿ ಕುದಿದರೆ ಮೇಣವೂ ನೀರೂ ಕಡೆದಂತಾಗಿ ಬೆರೆತು, ತಣಿದ ಮೇಲೆ ಪುಡಿಪುಡಿಯಾದ ಸ್ಪಂಜಿನಂಥ ಪದಾರ್ಥ ಸಿಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ.

ಬಟ್ಟೆಯ ನೇಯ್ಗೆಯಿಂದ ಮೊದಲು ಸಣ್ಣ ಎಣ್ಣೆಬೊಟ್ಟುಗಳು ಏಳುತ್ತವೆ. ಅವು ಒಂದಕ್ಕೊಂದು ಕೂಡಿ ನೀರಿನ ಮೇಲೆ ಹಳದಿ ಪದರವಾಗುತ್ತವೆ. ಆಗ ಮರದ ಸೌಟಿನಿಂದ ಗಂಟನ್ನು ಪಾತ್ರೆಯ ಬದಿಗೆ ಒತ್ತಿ, ಬಿಡಿ, ಮಗುಚಿ ಮತ್ತೆ ಒತ್ತಿ. ಹೊಸ ಮೇಣ ಏಳುವುದು ನಿಂತ ಮೇಲೆ ಗಂಟನ್ನು ಎತ್ತಿ, ಎರಡು ಕೋಲುಗಳ ನಡುವೆ ಹಿಂಡಿ ಹೊರಗಿಡಿ. ಒಲೆಯ ಬಳಿಯಿಂದ ಕದಲಬೇಡಿ. ಉಕ್ಕಿದ ಮೇಣ ಬೆಂಕಿಗೆ ಬಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಣಕ್ಕೆ ಎಂದೂ ನೀರು ಎರಚಕೂಡದು. ಮುಚ್ಚಳ ಹಾಕಿ ಉಸಿರುಗಟ್ಟಿಸಬೇಕು.

ಇನ್ನು ತಣಿಸುವುದು. ಪಾತ್ರೆಗೆ ಮುಚ್ಚಳ ಹಾಕಿ, ಸುತ್ತ ಗೋಣಿ ಸುತ್ತಿ, ಬೆಳಗಿನವರೆಗೆ ಅಲುಗಿಸದೆ ಬಿಡಿ. ನಿಧಾನವಾಗಿ ತಣಿದಷ್ಟೂ ಕಸ ಚೆನ್ನಾಗಿ ಕೆಳಗಿಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬೇಗ ಆದೀತು, ಆದರೆ ಬಿಲ್ಲೆ ಸೀಳುತ್ತದೆ, ಕಸವೂ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಮೇಣ ಗಟ್ಟಿಯಾಗುವಾಗ ಕುಗ್ಗುವುದರಿಂದ ಬಿಲ್ಲೆ ಬದಿಯಿಂದ ತಾನೇ ಬಿಡುತ್ತದೆ. ಅಡಿಯಲ್ಲಿ ಅಂಟಿದ ಬೂದು ಕೆಸರನ್ನು ಚೂರಿಯಿಂದ ಹೆರೆಯಿರಿ. ಪಾತ್ರೆಯ ನೀರನ್ನು ತೋಟಕ್ಕೆ ಚೆಲ್ಲಿ. ಬಚ್ಚಲಿಗೆ ಸುರಿದರೆ ಉಳಿದ ಮೇಣ ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಎರಡನೇ ಸಲ ಕರಗಿಸುವಾಗ ಮೇಣದ ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗಿಟ್ಟು, ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ಸಾಬೂನು ನೀರು ಸವರಿದ ಅಚ್ಚಿಗೆ ಹೊಯ್ಯಿರಿ.

ಎರಿಯನ್ನು ಕೂಡಿಟ್ಟು ಮಳೆಗಾಲದಲ್ಲಿ ಕರಗಿಸುತ್ತೇನೆ ಎನ್ನಬೇಡಿ. ಮೇಣದ ಪತಂಗದ ಹುಳು ಅದನ್ನು ಬಲೆಯೂ ಹಿಕ್ಕೆಯೂ ಮಾಡಿಬಿಡುತ್ತದೆ. ಕರಗಿಸಿದ ಬಿಲ್ಲೆಗೆ ಆ ಕಾಟ ಇಲ್ಲ.

ಮೇಣ ಏನಕ್ಕೆ?

ತೂಕದಲ್ಲಿ ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ತೆಂಗಿನೆಣ್ಣೆ ಸೇರಿಸಿ ಬಿಸಿನೀರಿನ ಮೇಲೆ ಕರಗಿಸಿದರೆ ಹಿಮ್ಮಡಿಯ ಒಡಕಿಗೆ ಒಳ್ಳೆಯ ಮುಲಾಮು. ಆದರೆ ನನ್ನ ಮಟ್ಟಿಗೆ ಮೊದಲ ಹಕ್ಕು ಪೆಟ್ಟಿಗೆಯದು. ಹೊಸ ಚೌಕಟ್ಟಿನ ಮೇಲ್ಪಟ್ಟಿಯ ಒಳಬದಿಗೆ, ಉದ್ದಕ್ಕೂ ನಡುವೆ ಕರಗಿದ ಮೇಣದ ಗೆರೆ ಎಳೆಯಿರಿ. ನೊಣಗಳು ಅದನ್ನೇ ಹಿಡಿದು ನೇರವಾಗಿ ಎರಿ ಕಟ್ಟುತ್ತವೆ. ಖಾಲಿ ಪೆಟ್ಟಿಗೆಯ ಒಳಗೋಡೆಗೆ ಉಜ್ಜಿಟ್ಟರೆ ಪಾಲಾಗಿ ಹೊರಟ ಹಿಂಡು ಬಂದು ಕೂರುವ ಸಾಧ್ಯತೆ ಹೆಚ್ಚು. ಪ್ಯಾರಾಫಿನ್ ಬೆರೆಸಿದ ಅಗ್ಗದ ಮೇಣದ ಹಾಳೆಗಳೂ ಮಾರಾಟಕ್ಕೆ ಬರುತ್ತವೆ. ಅವು ಸೆಖೆಗೆ ಜೋತು ಬೀಳುತ್ತವೆ, ನೊಣಗಳೂ ಇಷ್ಟಪಡುವುದಿಲ್ಲ. ಯುರೋಪಿನ ಮೆಲ್ಲಿಫೆರಾ ಜೇನಿಗೆಂದು ಅಚ್ಚು ಹಾಕಿದ ಹಾಳೆಯ ಕೋಶ ತುಡುವೆಗೆ ದೊಡ್ಡದು, ಕೊಳ್ಳುವ ಮುನ್ನ ಕೇಳಿ ತಿಳಿದುಕೊಳ್ಳಿ. ಹಾಳೆ ಕೊಳ್ಳುವ ದುಡ್ಡು ಇಟ್ಟುಕೊಂಡು, ನಿಮ್ಮದೇ ತೋಟದ ಮೇಣದಿಂದ ಗೆರೆ ಎಳೆಯುವುದೇ ಒಳ್ಳೆಯದು.