ಉಪ್ಪಾಗೆ ಹುಳಿಯ ಪುಲ್ಡ್ ಪೋರ್ಕ್: ಸ್ಲೋ ಕುಕ್ಕರಿನಲ್ಲಿ ನನ್ನ ಅನುಭವ

ಹಂದಿಯ ಹೆಗಲನ್ನು ನಮ್ಮ ತೀರ್ಥಹಳ್ಳಿ ಕಡೆ ಯಾರೂ ಇಡಿಯಾಗಿ ಬೇಯಿಸುವುದಿಲ್ಲ. ಚರ್ಮ, ನೆಣ, ಮೂಳೆ ಎಲ್ಲರ ತಟ್ಟೆಗೂ ಬೀಳುವಂತೆ ಸಣ್ಣ ತುಂಡು ಮಾಡಿ, ಕಾಳುಮೆಣಸು ಮುಂದಾದ ಮಸಾಲೆ ಹುರಿದು ಅರೆದು, ಸಾರು ಮಾಡಿ ಕಡುಬಿನ ಜೊತೆ ಉಣ್ಣುವುದು ನಮ್ಮ ರೂಢಿ. ಅಮೆರಿಕದ ದಕ್ಷಿಣ ರಾಜ್ಯಗಳವರು ಅದೇ ಹೆಗಲನ್ನು ಇಡಿಯಾಗಿಯೇ ಸೌದೆಯ ಹೊಗೆಯಲ್ಲಿ ಹತ್ತು ಹನ್ನೆರಡು ಗಂಟೆ ಹದವಾಗಿ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಹುಳಿಖಾರದ ರಸದಲ್ಲಿ ಕಲಸಿ ತಿನ್ನುತ್ತಾರೆ. ಪುಲ್ಡ್ ಪೋರ್ಕ್ ಎಂಬುದು ಅದೇ. ಆ ರಸವೂ ಊರಿಂದ ಊರಿಗೆ ಬೇರೆ: ಉತ್ತರ ಕೆರೊಲಿನಾದ ಪೂರ್ವ ಭಾಗದವರಿಗೆ ವಿನೆಗರ್ ಮತ್ತು ಮೆಣಸು ಸಾಕು, ದಕ್ಷಿಣ ಕೆರೊಲಿನಾದ ಕೆಲವೆಡೆ ಸಾಸಿವೆ ಬೇಕು, ಕನ್ಸಾಸ್ ಸಿಟಿಯಲ್ಲಿ ಟೊಮೆಟೊ ಮತ್ತು ಕಾಕಂಬಿ ಸೇರಿಸಿ ಸಿಹಿಯಾಗಿ ಮಾಡುತ್ತಾರೆ. ಮನೆಯೊಳಗಿನ ಸ್ಲೋ ಕುಕ್ಕರಿನಲ್ಲಿ ಇದನ್ನು ಮಾಡಿದಾಗ ಮಾಂಸ ಸರಿಯಾಗಿಯೇ ಬೇಯುತ್ತದೆ, ಆದರೆ ಹೊಗೆಯ ಘಮ ಬರುವುದಿಲ್ಲ. ಪೇಟೆಯ ಬಾಟಲಿಯಲ್ಲಿ ಸಿಗುವ ಹೊಗೆಯ ಸಾರ ನನಗೆ ಒಗ್ಗದು. ಆ ಕೊರತೆಯನ್ನು ನಾನು ತುಂಬಿಕೊಂಡದ್ದು ಮಲೆನಾಡಿನ ಉಪ್ಪಾಗೆಯಿಂದ, ಎಂದರೆ ಆ ಹೆಸರಿನ ಮರದ ಹುಳಿಹಣ್ಣಿನ ಒಣಗಿಸಿದ ಸಿಪ್ಪೆಯಿಂದ.

ಸ್ಲೋ ಕುಕ್ಕರ್ ಎಂದರೆ ಒಂದು ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಸಣ್ಣ ಕಾವಿನ ತಂತಿ, ಮೇಲೊಂದು ಗಾಜಿನ ಮುಚ್ಚಳ, ಇಷ್ಟೇ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ 1940ರಲ್ಲಿ ಇದರ ಪೇಟೆಂಟ್ ದೊರೆಯಿತು. ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು 1971ರಲ್ಲಿ. ನಮ್ಮ ಮನೆಯದು 200 ವ್ಯಾಟಿನದು. ಒಂಬತ್ತು ಗಂಟೆ ಉರಿದರೂ ಎರಡು ಯೂನಿಟ್ಟು ವಿದ್ಯುತ್ ಖರ್ಚಾಗುವುದಿಲ್ಲ. ಪ್ರೆಷರ್ ಕುಕ್ಕರಿನಲ್ಲಿ ಒಂದು ಗಂಟೆಯಲ್ಲಿ ಆಗುವ ಕೆಲಸಕ್ಕೆ ಇಡೀ ಹಗಲು ಏಕೆ ಎಂದು ಮನೆಯಲ್ಲಿ ಕೇಳಿದವರಿದ್ದಾರೆ. ಆತುರವಿದ್ದಾಗ ನಾನೂ ಪ್ರೆಷರ್ ಕುಕ್ಕರನ್ನೇ ಇಡುತ್ತೇನೆ. ಆದರೆ ಅದರಲ್ಲಿ ಮಾಂಸದ ಹೊರಭಾಗ ಹಿಟ್ಟಾಗುವ ಹೊತ್ತಿಗೂ ಒಳಭಾಗ ಬಿಗಿಯಾಗಿಯೇ ಉಳಿಯುವುದುಂಟು, ನಡುವೆ ಮುಚ್ಚಳ ತೆಗೆದು ಹದ ನೋಡುವುದೂ ಸುಲಭವಲ್ಲ.

ಮಾಂಸದ ಆಯ್ಕೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಹೆಗಲು ಹಂದಿಯ ದಿನವಿಡೀ ದುಡಿಯುವ ಭಾಗ. ಅಲ್ಲಿ ಸ್ನಾಯುಗಳ ನಡುವೆ ನೆಣವೂ ಇರುತ್ತದೆ, ಕೊಲಾಜೆನ್ ಎಂಬ ಗಟ್ಟಿ ನಾರೂ ಹೇರಳವಾಗಿರುತ್ತದೆ. ಮಾಂಸದ ಒಳಗಿನ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. 80, 90ರ ಆಸುಪಾಸಿನಲ್ಲಿ ಆ ಕೆಲಸ ಚುರುಕಾಗುತ್ತದೆ. ಬಿಡಿಸಿದ ಎಳೆಗಳಿಗೆ ಮೆತ್ತನೆಯ ಹೊಳಪು ಬರುವುದು ಅದರಿಂದಲೇ. ಬೆನ್ನಿನ ಮಾಂಸದಲ್ಲಿ ಕೊಲಾಜೆನ್ ಕಡಿಮೆ, ನೆಣವೂ ಕಡಿಮೆ. ಅದನ್ನು ಇಷ್ಟು ಹೊತ್ತು ಬೇಯಿಸಿದರೆ ಎಳೆ ಬಿಡುತ್ತದೆ, ಆದರೆ ಒಣ ಒಣ ಎನ್ನಿಸುತ್ತದೆ.

ನಮ್ಮ ಕಡೆಯ ಅಂಗಡಿಗಳಲ್ಲಿ ಭಾಗ ಹೇಳಿ ಕೊಳ್ಳುವ ಅಭ್ಯಾಸ ಕಡಿಮೆ. ಕಿಲೋ ಹೇಳಿದರೆ ಎಲ್ಲ ಭಾಗವನ್ನೂ ಬೆರೆಸಿ ಕೊಡುತ್ತಾರೆ. ಆದ್ದರಿಂದ ಮುಂಗಾಲಿನ ಮೇಲಿನ ಹೆಗಲು, ಮೂಳೆ ಸಹಿತ, ಎರಡು ಕಿಲೋ, ಕತ್ತರಿಸದೆ ಬೇಕು ಎಂದು ಹಿಂದಿನ ದಿನವೇ ಹೇಳಿಡುತ್ತೇನೆ. ನಾನು ಮಾಂಸ ಕೊಳ್ಳುವ ಅಂಗಡಿಯಾತ ಮೊದಮೊದಲು ಕತ್ತಿ ಎತ್ತಿಕೊಂಡೇ, “ಇಡೀ ತುಂಡು ಬೇಯೂದು ಯಾವಾಗ ಮಾರಾಯ್ರೆ? ಸಾರಿಗೆ ಆಗುವ ಹಾಗೆ ಮಾಡಿ ಕೊಡ್ತೇನೆ ತಡೀರಿ,” ಎನ್ನುತ್ತಿದ್ದ. ಈಗ ಅವನೇ ಒಳ್ಳೆಯ ಹೆಗಲು ಬಂದ ದಿನ ಫೋನು ಮಾಡುತ್ತಾನೆ. ಚರ್ಮವನ್ನು ಮಾತ್ರ ಅಲ್ಲೇ ಬಿಡಿಸಿಕೊಳ್ಳುತ್ತೇನೆ. ಸಾರಿನಲ್ಲಿ ಸುಟ್ಟ ಚರ್ಮದ ರುಚಿಗೆ ಸಮನಾದದ್ದಿಲ್ಲವಾದರೂ, ಇಲ್ಲಿ ಅದು ಮಸಾಲೆಯ ಉಪ್ಪು ಮಾಂಸಕ್ಕೆ ಇಳಿಯದಂತೆ ಅಡ್ಡ ನಿಲ್ಲುತ್ತದೆ. ಮನೆಗೆ ತಂದು ಬೇರೆ ದಿನದ ಸಾರಿಗೆ ಬಳಸಿದರಾಯಿತು. ನೆಣದ ಪದರವನ್ನು ಕಾಲು ಇಂಚು ಉಳಿಸಿ ಮಿಕ್ಕದ್ದನ್ನು ಕೆರೆದು ತೆಗೆಯುತ್ತೇನೆ. ಎಲ್ಲೆಂದರಲ್ಲಿ ಮೇಯುವ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಕೋಶಗಳು ಇರಬಹುದಾದ್ದರಿಂದ, ಸ್ನಾಯುವಿನ ನಡುವೆ ಸಣ್ಣ ಬಿಳಿ ಗುಳ್ಳೆಗಳು ಕಂಡರೆ ಆ ಮಾಂಸವನ್ನು ಕೊಳ್ಳಬಾರದು. ಕೂಡುದೊಡ್ಡಿಯಲ್ಲಿ ಸಾಕಿದ ಹಂದಿ ಎಂಬುದನ್ನು ಕೇಳಿ ತಿಳಿದುಕೊಂಡೇ ಕೊಳ್ಳುವುದು ಲೇಸು.

ಉಪ್ಪನ್ನು ತೂಗಿ ಹಾಕುತ್ತೇನೆ: ಕಿಲೋ ಮಾಂಸಕ್ಕೆ 15 ಗ್ರಾಂ. ಬಣ್ಣಕ್ಕೆ ಬ್ಯಾಡಗಿ ಮೆಣಸಿನ ಪುಡಿ, ಖಾರಕ್ಕೆ ನಮ್ಮ ತೋಟದ ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿದ್ದು, ಜೊತೆಗೆ ಹುರಿದ ಕೊತ್ತಂಬರಿ, ಜೀರಿಗೆ, ಸ್ವಲ್ಪ ಸಾಸಿವೆ ಪುಡಿ, ಜಜ್ಜಿದ ಬೆಳ್ಳುಳ್ಳಿ. ಲವಂಗ, ಚಕ್ಕೆ ಹಾಕುವುದಿಲ್ಲ. ಅವುಗಳ ವಾಸನೆ ಮುಚ್ಚಿದ ಪಾತ್ರೆಯಲ್ಲಿ ಒಂಬತ್ತು ಗಂಟೆ ಸುತ್ತಿ ಸುತ್ತಿ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಎರಡು ಕಿಲೋ ತುಂಡನ್ನು ಮೂಳೆಯ ಪಕ್ಕದಲ್ಲಿ ಸೀಳಿ ಎರಡು ಭಾಗ ಮಾಡಿ, ಈ ಪುಡಿಯನ್ನು ಉಜ್ಜಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಿಗ್ಗೆ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ನೆಣದ ಭಾಗ ಕೆಳಗಾಗಿ ಇಟ್ಟು, ಅದರದೇ ಜಿಡ್ಡಿನಲ್ಲಿ ಎಲ್ಲ ಮಗ್ಗುಲೂ ಕಂದುಬಣ್ಣಕ್ಕೆ ತಿರುಗುವವರೆಗೆ ಬಾಡಿಸುತ್ತೇನೆ. ಸ್ಲೋ ಕುಕ್ಕರಿನ ಹಬೆಯಲ್ಲಿ ಮಾಂಸ ಎಂದೂ ಕೆಂಪಗಾಗುವುದಿಲ್ಲ. ಹುರಿದ ರುಚಿ ಬರುವುದಿದ್ದರೆ ಈ ಹತ್ತು ನಿಮಿಷದಲ್ಲೇ ಬರಬೇಕು. ಬೆಲ್ಲವನ್ನು ಈ ಹಂತದಲ್ಲಿ ಸೇರಿಸಿದರೆ ಸೀದು ಕಹಿಯಾಗುತ್ತದೆ, ಅದು ಆಮೇಲಿನ ಮಾತು.

ಇನ್ನು ಉಪ್ಪಾಗೆ. ಇದರ ಹಣ್ಣು ಉದುರುವುದು ಮಳೆಗಾಲದಲ್ಲಿ. ಬಿಸಿಲಿನ ಮುಖವೇ ಕಾಣದ ಆ ದಿನಗಳಲ್ಲಿ ಸಿಪ್ಪೆಯನ್ನು ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ಸೌದೆಯ ಹೊಗೆ ಮತ್ತು ಕಾವಿನಲ್ಲಿ ಒಣಗಿಸುವುದು ಮಲೆನಾಡಿನ ಹಳೆಯ ಪದ್ಧತಿ. ಹೀಗೆ ಒಣಗಿದ ಸಿಪ್ಪೆ ಕಪ್ಪಗೆ ಸುರುಟಿಕೊಂಡು, ಬೆರಳಿನಲ್ಲಿ ಒತ್ತಿದರೆ ತುಸು ಬಗ್ಗುವಂತಿರುತ್ತದೆ. ಮೂಗಿನ ಬಳಿ ಹಿಡಿದರೆ ಹುಳಿಗಿಂತ ಮೊದಲು ಹೊಗೆಯೇ ತಾಗುತ್ತದೆ. ಪುಲ್ಡ್ ಪೋರ್ಕಿಗೆ ಬೇಕಾದ ಎರಡು ಗುಣಗಳು, ಹುಳಿ ಮತ್ತು ಹೊಗೆ, ಒಂದೇ ವಸ್ತುವಿನಲ್ಲಿ ಸಿಕ್ಕಿದಂತಾಯಿತು. ಕೊಡಗಿನವರು ಹಂದಿಗೆ ಹಾಕುವ ಕಾಚಂಪುಳಿಯೂ ಗಾರ್ಸಿನಿಯಾ ಗಮ್ಮಿಗುಟ್ಟ ಎಂಬ ಇದೇ ಮರದ ಹಣ್ಣಿನ ರಸವನ್ನು ಕುದಿಸಿ ಗಟ್ಟಿಮಾಡಿದ್ದು. ಆದ್ದರಿಂದ ಹಂದಿಗೂ ಈ ಹುಳಿಗೂ ಇರುವ ನಂಟನ್ನು ನಾನು ಕಂಡುಹಿಡಿದೆನೆಂದು ಹೇಳಿಕೊಳ್ಳುವ ಹಾಗಿಲ್ಲ. (ಇದೇ ಸಿಪ್ಪೆಯ ಸಾರವನ್ನು ಬೊಜ್ಜು ಕರಗಿಸುವ ಗುಳಿಗೆಗಳಲ್ಲಿ ತುಂಬಿ ಹೊರದೇಶಗಳಲ್ಲಿ ಮಾರುತ್ತಾರೆ. ನಾವು ಅದನ್ನು ನೆಣವಿರುವ ಹಂದಿಗೆ ಹಾಕಿ ಉಣ್ಣುತ್ತೇವೆ.)

ಅಂಗಡಿಯಲ್ಲಿ ಕೊಳ್ಳುವಾಗ ಮೂಸಿಯೇ ಕೊಳ್ಳಬೇಕು, ಏಕೆಂದರೆ ಡ್ರೈಯರಿನಲ್ಲಿ ಒಣಗಿಸಿದ ಸಿಪ್ಪೆಯಲ್ಲಿ ಹುಳಿ ಚೆನ್ನಾಗಿದ್ದರೂ ಹೊಗೆ ಇರುವುದಿಲ್ಲ; ಉಪ್ಪು ಬೆರೆಸಿ ಇಟ್ಟ ಸಿಪ್ಪೆಯಾದರೆ ಮಾಂಸಕ್ಕೆ ಹಚ್ಚುವ ಉಪ್ಪನ್ನು ಅಷ್ಟರಮಟ್ಟಿಗೆ ಇಳಿಸಬೇಕು. ಎರಡು ಕಿಲೋ ಮಾಂಸಕ್ಕೆ 25 ಗ್ರಾಂ ಸಿಪ್ಪೆ ಸಾಕು. ಬೂದಿ, ಮಸಿ ಹೋಗುವಂತೆ ಒಮ್ಮೆ ತೊಳೆದು, ಒಂದು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಕಿವುಚಿ ಸೋಸುತ್ತೇನೆ. ಕಾಫಿ ಡಿಕಾಕ್ಷನ್ನಿನಂಥ ಕಪ್ಪು ರಸ ಬರುತ್ತದೆ. ಅದರಲ್ಲಿ ಅರ್ಧವನ್ನು ಮಾತ್ರ ಕುಕ್ಕರಿಗೆ ಹಾಕಿ, ಉಳಿದರ್ಧವನ್ನು ಕೊನೆಗೆಂದು ಎತ್ತಿಡುತ್ತೇನೆ; ದೀರ್ಘಕಾಲ ಬೆಂದ ರಸದಲ್ಲಿ ಹುಳಿ ಉಳಿದರೂ ಹೊಗೆಯ ಪರಿಮಳ ಬಹಳಷ್ಟು ಹಾರಿಹೋಗುತ್ತದೆ. ಸಿಪ್ಪೆಯನ್ನೇ ಪಾತ್ರೆಗೆ ಹಾಕಿದರೆ ಹುಳಿ ಹಿಡಿತಕ್ಕೆ ಸಿಗುವುದಿಲ್ಲ.

ಪಾತ್ರೆಯ ತಳಕ್ಕೆ ಮೂರು ದೊಡ್ಡ ಈರುಳ್ಳಿಯನ್ನು ಹೆಚ್ಚಿ ಹರಡುತ್ತೇನೆ. ಹುಳಿಯಲ್ಲಿ ಹಸಿ ಈರುಳ್ಳಿ ಎಷ್ಟು ಹೊತ್ತಾದರೂ ಪೂರ್ತಿ ಮೆತ್ತಗಾಗುವುದಿಲ್ಲವಾದ್ದರಿಂದ, ಮಾಂಸ ಬಾಡಿಸಿದ ಬಾಣಲೆಯಲ್ಲೇ ಅದನ್ನು ಮೊದಲು ಬಾಡಿಸಿಕೊಂಡಿರುತ್ತೇನೆ. ಅದರ ಮೇಲೆ ಮಾಂಸ, ಮೇಲಿಂದ ಅರ್ಧ ಲೋಟ ಉಪ್ಪಾಗೆ ರಸ. ಬೇರೆ ನೀರು ಹಾಕುವುದಿಲ್ಲ. ಸಾರು ಮಾಡಿ ಅಭ್ಯಾಸವಾದ ಕೈಗೆ ಇದು ಕಷ್ಟವೆನಿಸುತ್ತದೆ, ಆದರೆ ಮುಚ್ಚಿದ ಪಾತ್ರೆಯಿಂದ ಆವಿ ಹೊರಹೋಗುವುದು ಅತ್ಯಲ್ಪ, ಮಾಂಸವೇ ಎರಡು ಮೂರು ಲೋಟ ರಸ ಬಿಡುತ್ತದೆ. ನೀರು ಹಾಕಿದರೆ ಕೊನೆಗೆ ಸಿಗುವುದು ಬೇಯಿಸಿದ ಮಾಂಸ ಮತ್ತು ತೆಳು ಸಾರು. ಪಾತ್ರೆ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಬೇಕು.

ಸ್ಲೋ ಕುಕ್ಕರಿನ ಪುಸ್ತಿಕೆಯಲ್ಲಿ ಬರೆದಿರುವ ಗಂಟೆಗಳ ಲೆಕ್ಕ ಮಲೆನಾಡಿನ ಹಳ್ಳಿಯಲ್ಲಿ ಹಾಗೆಯೇ ನಡೆಯದು, ಕಾರಣ ವೋಲ್ಟೇಜ್. ಕಾವಿನ ತಂತಿಯ ಶಕ್ತಿ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 230 ವೋಲ್ಟಿನಲ್ಲಿ 200 ವ್ಯಾಟ್ ಕೊಡುವ ತಂತಿ, ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ 180ಕ್ಕೆ ಇಳಿದಾಗ, ಸುಮಾರು 120 ವ್ಯಾಟ್ ಮಾತ್ರ ಕೊಡುತ್ತದೆ. ಇದು ಬರಿಯ ತಡದ ಪ್ರಶ್ನೆಯಲ್ಲ. 5ರಿಂದ 60 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಮಾಂಸದಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತದೆ. ಮಾಂಸ ಆ ಪಟ್ಟಿಯನ್ನು ಬೇಗ ದಾಟಬೇಕು. ಆದ್ದರಿಂದ ಮೊದಲ ಎರಡು ಗಂಟೆ ‘ಹೈ’ನಲ್ಲಿಟ್ಟು ಅನಂತರ ‘ಲೋ’ಗೆ ತಿರುಗಿಸುತ್ತೇನೆ. ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಎಂದೂ ಇಡುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಪಿಂಗಾಣಿ ಪಾತ್ರೆಯನ್ನು ಕಾದ ಕುಕ್ಕರಿನೊಳಗೆ ಇಟ್ಟರೆ ಅದು ಬಿರುಕು ಬಿಡಬಹುದು, ಹಾಗಾಗಿ ರಾತ್ರಿ ಮಾಂಸ ನೆನೆಯುವುದು ಬೇರೆ ಪಾತ್ರೆಯಲ್ಲಿ.

ಮೊನೆಯುಳ್ಳ ಡಿಜಿಟಲ್ ಥರ್ಮಾಮೀಟರ್ ಈ ಕೆಲಸದಲ್ಲಿ ಗಡಿಯಾರಕ್ಕಿಂತ ಉಪಯೋಗಿ. ಅದರ ಸಪೂರ ತಂತಿಯನ್ನು ಮುಚ್ಚಳದ ಅಂಚಿನಿಂದ ಒಳಗೆ ಇಳಿಸಿ, ಮೊನೆಯನ್ನು ಮೂಳೆಗೆ ತಾಗದಂತೆ ದಪ್ಪ ಭಾಗದಲ್ಲಿ ಚುಚ್ಚಿಟ್ಟರೆ ಮುಚ್ಚಳ ಎತ್ತುವ ಪ್ರಮೇಯವೇ ಇಲ್ಲ. ಒಂದು ಸಲ ಎತ್ತಿದರೆ ಇಪ್ಪತ್ತು ಮೂವತ್ತು ನಿಮಿಷದ ಕಾವು ನಷ್ಟ. ಹೊಗೆಯ ಗೂಡಿನಲ್ಲಿ ಬೇಯಿಸುವವರಿಗೆ 70 ಡಿಗ್ರಿಯ ಆಸುಪಾಸಿನಲ್ಲಿ ಮಾಂಸದ ಮೇಲ್ಮೈಯ ನೀರು ಆವಿಯಾಗುತ್ತಾ ಉಷ್ಣತೆ ಗಂಟೆಗಟ್ಟಲೆ ಮೇಲೇರದೆ ನಿಲ್ಲುವ ಕಾಟವಿದೆ. ಮುಚ್ಚಿದ ಕುಕ್ಕರಿನಲ್ಲಿ ಆ ತೊಂದರೆ ಇಲ್ಲ. ಕರೆಂಟು ಹೋದರೆ ನಾನು ಮನೆಯಲ್ಲೇ ಇದ್ದಾಗ ಮಾಂಸವನ್ನು ದಪ್ಪ ತಳದ ಪಾತ್ರೆಗೆ ಬದಲಿಸಿ, ಗ್ಯಾಸಿನ ಅತಿ ಸಣ್ಣ ಉರಿಯಲ್ಲಿ ಮುಂದುವರಿಸುತ್ತೇನೆ. ಯಾರೂ ಇಲ್ಲದ ಹೊತ್ತಿನಲ್ಲಿ ಹೋಗಿ, ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯದಿದ್ದರೆ ಮಾಂಸದ ಆಸೆ ಬಿಡಬೇಕು. ಆಷಾಢದ ಗಾಳಿಮಳೆಯಲ್ಲಿ ನಾನು ಇದರ ಗೊಡವೆಗೇ ಹೋಗುವುದಿಲ್ಲ.

63 ಡಿಗ್ರಿಗೆ ಹಂದಿಮಾಂಸದ ಇಡೀ ತುಂಡು ತಿನ್ನಲು ಯೋಗ್ಯವೆಂದು ಅಮೆರಿಕದ ಕೃಷಿ ಇಲಾಖೆಯ ನಿಯಮ ಹೇಳುತ್ತದೆ, ಆದರೆ ಆಗ ಅದು ಬಿಡಿಸಲು ಬರುವುದಿಲ್ಲ. ನಾನು ಕಾಯುವುದು 93ರಿಂದ 95ಕ್ಕೆ. ಆ ಹೊತ್ತಿಗೆ ಹೆಗಲ ಮೂಳೆಯನ್ನು ಹಿಡಿದು ತುಸು ತಿರುಗಿಸಿದರೆ ಒಂದು ಚೂರು ಮಾಂಸವನ್ನೂ ಹೊತ್ತುಕೊಳ್ಳದೆ ಬೆಳ್ಳಗೆ ಹೊರಬರುತ್ತದೆ. ವೋಲ್ಟೇಜ್ ಸರಿಯಿದ್ದ ದಿನ ಇದಕ್ಕೆ ಎಂಟು ಒಂಬತ್ತು ಗಂಟೆ ಬೇಕು. ಮಾಂಸವನ್ನು ಅಗಲದ ತಟ್ಟೆಗೆ ತೆಗೆದು, ಮುಚ್ಚಿ, ಅರ್ಧ ಗಂಟೆ ಬಿಟ್ಟು, ಎರಡು ಫೋರ್ಕುಗಳಿಂದ ಎಳೆ ಬಿಡಿಸುತ್ತೇನೆ. ಉಗುರಿನಷ್ಟು ದಪ್ಪದ ಎಳೆ ಚೆಂದ. ಇನ್ನೂ ಸಪೂರ ಮಾಡಿದರೆ ರಸದಲ್ಲಿ ಮುದ್ದೆಯಾಗುತ್ತದೆ. ಉಳಿದ ನೆಣದ ಗಡ್ಡೆಗಳನ್ನು ಈಗಲೇ ಆರಿಸಿ ತೆಗೆಯಬೇಕು.

ಪಾತ್ರೆಯಲ್ಲಿ ಉಳಿದ ರಸವನ್ನು ಸೋಸಿ ಹತ್ತು ನಿಮಿಷ ಬಿಟ್ಟರೆ ಜಿಡ್ಡು ಮೇಲೆ ನಿಲ್ಲುತ್ತದೆ, ಅದನ್ನು ಸೌಟಿನಿಂದ ತೆಗೆಯುತ್ತೇನೆ. ಮಿಕ್ಕ ರಸವನ್ನು ಸ್ಟೀಲ್ ಪಾತ್ರೆಯಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುವವರೆಗೆ ಕುದಿಸಬೇಕು. ಈ ಹುಳಿ ಅಲ್ಯೂಮಿನಿಯಮ್ಮಿಗೂ ಕಬ್ಬಿಣಕ್ಕೂ ಆಗದು. ಈಗ ಬೆಲ್ಲದ ಸರದಿ. ಅಮೆರಿಕದವರು ಕಂದು ಸಕ್ಕರೆಯನ್ನೋ ಕಾಕಂಬಿಯನ್ನೋ ಹಾಕುವ ಜಾಗಕ್ಕೆ ಸಾಗರದ ಕಡೆಯ, ಪಾಕದಂತೆ ಹರಿಯುವ ಜೋನಿ ಬೆಲ್ಲವನ್ನು ಮೂರು ದೊಡ್ಡ ಚಮಚ ಹಾಕುತ್ತೇನೆ. ಅದರಲ್ಲಿ ಕಬ್ಬಿನ ಹಾಲಿನ ವಾಸನೆ ಇನ್ನೂ ಉಳಿದಿರುತ್ತದೆ, ಕರಗಿಸುವ ಕೆಲಸವೂ ಇಲ್ಲ. ಕೊನೆಗೆ ಎತ್ತಿಟ್ಟ ಉಪ್ಪಾಗೆ ರಸ, ಜಜ್ಜಿದ ನಾಲ್ಕೈದು ಜೀರಿಗೆ ಮೆಣಸು ಎಂಬ ಪುಟ್ಟ ಖಾರದ ಮೆಣಸಿನಕಾಯಿ. ರಸ ಚಮಚಕ್ಕೆ ಅಂಟುವಂತಾದಾಗ ಮಾಂಸಕ್ಕೆ ಸ್ವಲ್ಪ ಸ್ವಲ್ಪವೇ ಸುರಿದು ಕಲಸುತ್ತೇನೆ. ಒಮ್ಮೆಗೇ ಸುರಿದರೆ ತಳದಲ್ಲಿ ನಿಲ್ಲುತ್ತದೆ, ಎಳೆಗೆ ಹಿಡಿಯುವುದಿಲ್ಲ.

ಬನ್ನಿನ ನಡುವೆ ಎಲೆಕೋಸಿನ ಸಲಾಡಿನೊಂದಿಗೆ ಇಟ್ಟು ತಿನ್ನುವುದು ಅದರ ಮೂಲ ಕ್ರಮ. ನಮ್ಮ ಬೇಕರಿಗಳ ಬನ್ನು ಸಿಹಿ, ಬೆಲ್ಲದ ರಸವೂ ಸೇರಿದರೆ ನನಗೆ ಹೆಚ್ಚಾಗುತ್ತದೆ. ಬಿಸಿ ಅಕ್ಕಿರೊಟ್ಟಿಯೇ ಮೇಲು. ಮಕ್ಕಳು ಒತ್ತು ಶಾವಿಗೆಯ ಮೇಲೆ ಹಾಕಿಕೊಳ್ಳುತ್ತಾರೆ. ಎಲೆಕೋಸನ್ನು ಮಾತ್ರ ಬಿಡುವುದಿಲ್ಲ, ಸಪೂರ ಹೆಚ್ಚಿ ನಿಂಬೆರಸ, ಉಪ್ಪು ಬೆರೆಸಿ ಪಕ್ಕದಲ್ಲಿ ಇಡುತ್ತೇನೆ. ಎರಡು ಕಿಲೋ ಹೆಗಲಿನಿಂದ ಮೂಳೆ, ನೆಣ, ನೀರು ಹೋಗಿ ಕಿಲೋಗಿಂತ ತುಸು ಹೆಚ್ಚು ಮಾಂಸ ಸಿಗುತ್ತದೆ, ಏಳೆಂಟು ಜನಕ್ಕೆ ಧಾರಾಳ.

ಉಳಿದದ್ದನ್ನು ಕುಕ್ಕರಿನ ಪಾತ್ರೆಯಲ್ಲೇ ಬಿಟ್ಟರೆ ದಪ್ಪ ಪಿಂಗಾಣಿ ಬೇಗ ಆರುವುದಿಲ್ಲ. ಅಗಲದ ಡಬ್ಬಿಗಳಲ್ಲಿ ತೆಳುವಾಗಿ ಹರಡಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ದಿನ ಬಳಸಬಹುದು. ಬಿಸಿ ಮಾಡುವಾಗ ಮತ್ತೆ ಸ್ಲೋ ಕುಕ್ಕರಿಗೆ ಹಾಕದೆ, ಬಾಣಲೆಯಲ್ಲಿ ಎರಡು ಚಮಚ ರಸದೊಂದಿಗೆ ಮಗುಚಿ, ಅಂಚುಗಳು ಸ್ವಲ್ಪ ಗರಿಯಾಗುವವರೆಗೆ ಬಿಟ್ಟರೆ ಮೊದಲ ದಿನದ್ದಕ್ಕಿಂತ ರುಚಿ ಎನ್ನುವವರು ನಮ್ಮ ಮನೆಯಲ್ಲಿದ್ದಾರೆ. ತೆಗೆದಿಟ್ಟ ಜಿಡ್ಡು ಫ್ರಿಜ್ಜಿನಲ್ಲಿ ಬೆಳ್ಳಗೆ ಹೆಪ್ಪಾಗುತ್ತದೆ. ಮಸಾಲೆಯ ಖಾರ ಅದರಲ್ಲಿ ಇಳಿದಿರುವುದರಿಂದ ಕಳಲೆ ಪಲ್ಯದ ಒಗ್ಗರಣೆಗೆ ಎಣ್ಣೆಯ ಬದಲು ಒಂದು ಚಮಚ ಅದನ್ನೇ ಬಳಸುತ್ತೇನೆ.