ಮೈನಿಂಗ್ ಯಂತ್ರ ಮಾರುವವರು ಅಸಲಿಯೇ? ಹಣ ಕೊಡುವ ಮೊದಲು ಪರೀಕ್ಷಿಸುವುದು ಹೇಗೆ

ನನ್ನ ರಿಪೇರಿ ಮೇಜಿನ ಮೇಲೆ ಒಂದು ಮೈನಿಂಗ್ ಯಂತ್ರವಿತ್ತು, ಅಂದರೆ ಹಗಲಿರುಳು ಲೆಕ್ಕ ಮಾಡಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಗಳಿಸುವ ಯಂತ್ರ. ಅದರ ಸ್ಟಿಕ್ಕರ್‌ನಲ್ಲಿ 'ಆಂಟ್‌ಮೈನರ್ ಎಸ್‌19 ಪ್ರೊ' ಎಂದು ಅಚ್ಚಾಗಿತ್ತು. ಅದರ ಒಂದು ಮೂಲೆ ತುಸು ಎದ್ದಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದಾಗ ಅಡಿಯಲ್ಲಿ ಇನ್ನೊಂದು ಸ್ಟಿಕ್ಕರ್ ಕಂಡಿತು. ಕ್ರಮಸಂಖ್ಯೆ ಬೇರೆ, ಹೆಸರಿನಲ್ಲಿ 'ಪ್ರೊ' ಇಲ್ಲ. ಎದುರಿಗೆ ನಿಂತಿದ್ದ ತಿಪಟೂರಿನ ಕಡೆಯ ಹುಡುಗನ ಮುಖ ಬಾಡಿಹೋಯಿತು. ಆ ವರ್ಷದ ಕೊಬ್ಬರಿ ಮಾರಿ ಬಂದ ಹಣದಲ್ಲಿ ಅವನ ತಂದೆ ಕೊಡಿಸಿದ್ದ ಯಂತ್ರ ಅದು. "ಅಣ್ಣಾ, ಜಿಎಸ್‌ಟಿ ಪ್ರಮಾಣಪತ್ರ ಕಳಿಸಿದ್ದರು, ವೆಬ್‌ಸೈಟ್ ಇತ್ತು, ಯಂತ್ರ ಓಡುವ ವಿಡಿಯೊ ಕೂಡ ತೋರಿಸಿದ್ದರು" ಎಂದ.

ಎಸ್‌19 ಪ್ರೊ 110 ಟೆರಾಹ್ಯಾಶ್ ಕೆಲಸ ಮಾಡುವ ಯಂತ್ರ. ಒಂದು ಟೆರಾಹ್ಯಾಶ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. ಬರೀ ಎಸ್‌19 ಮಾಡುವುದು 95. ಎರಡೂ ನುಂಗುವ ವಿದ್ಯುತ್ತು ಮಾತ್ರ ಒಂದೇ, 3250 ವಾಟ್. ಹದಿನೈದು ಟೆರಾಹ್ಯಾಶ್‌ನ ಬೆಲೆಯನ್ನು ಅವನು ಸುಮ್ಮನೆ ತೆತ್ತಿದ್ದ. ಇಂಥ ಐದಾರು ಪ್ರಕರಣಗಳನ್ನು ನೋಡಿದ ಮೇಲೆ ನನಗೆ ಅರ್ಥವಾದದ್ದಿಷ್ಟು: ಜನ ಪರೀಕ್ಷೆಯನ್ನೇನೋ ಮಾಡುತ್ತಾರೆ, ಆದರೆ ಮಾರುವವನು ತೋರಿಸಿದ್ದನ್ನೇ ಪರೀಕ್ಷಿಸುತ್ತಾರೆ. ನೋಡಬೇಕಾದದ್ದು ಅವನು ತಾನಾಗಿ ತೋರಿಸದೆ ಉಳಿಸಿದ್ದನ್ನು.

ಹಂತ 1: ಮೊದಲು ನಿಮ್ಮದೇ ಲೆಕ್ಕ

ಮಾರುವವನಿಗೆ ಫೋನ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಬಿಟ್‌ಕಾಯಿನ್ ಜಾಲದಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ (ವಹಿವಾಟುಗಳ ಒಂದು ಕಟ್ಟು), ಅಂದರೆ ದಿನಕ್ಕೆ 144. 2024ರ ಏಪ್ರಿಲ್‌ನಿಂದ ಒಂದು ಬ್ಲಾಕ್‌ನ ಬಹುಮಾನ 3.125 ಬಿಟ್‌ಕಾಯಿನ್. ಜಗತ್ತಿನ ಎಲ್ಲ ಯಂತ್ರಗಳೂ ಸೇರಿ ದಿನಕ್ಕೆ ಹಂಚಿಕೊಳ್ಳುವ ಹೊಸ ಬಿಟ್‌ಕಾಯಿನ್ 450 ಮಾತ್ರ. 2025ರಲ್ಲಿ ಜಾಲದ ಒಟ್ಟು ಸಾಮರ್ಥ್ಯ 1,000 ಎಕ್ಸಾಹ್ಯಾಶ್‌ನ ಆಸುಪಾಸಿಗೆ ಬಂತು. ಟೆರಾಹ್ಯಾಶ್ ಲೆಕ್ಕದಲ್ಲಿ ಅದು ನೂರು ಕೋಟಿ. 200 ಟೆರಾಹ್ಯಾಶ್‌ನ ಆಂಟ್‌ಮೈನರ್ ಎಸ್‌21 ನಿಮ್ಮಲ್ಲಿದ್ದರೆ ನಿಮ್ಮ ಪಾಲು ಐವತ್ತು ಲಕ್ಷದಲ್ಲಿ ಒಂದು. ದಿನದ ಗಳಿಕೆ 0.00009 ಬಿಟ್‌ಕಾಯಿನ್. ಒಂದು ಬಿಟ್‌ಕಾಯಿನ್‌ಗೆ 80 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ 720 ರೂಪಾಯಿ.

ಇನ್ನು ಖರ್ಚು. ಎಸ್‌21 ಸೆಳೆಯುವುದು 3500 ವಾಟ್, ದಿನಕ್ಕೆ 84 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 504 ರೂಪಾಯಿ. ಉಳಿದದ್ದು 216. 2022ರ ಏಪ್ರಿಲ್‌ನಿಂದ ಇಂಥ ಡಿಜಿಟಲ್ ಆಸ್ತಿಯ ಆದಾಯಕ್ಕೆ ಶೇ 30 ತೆರಿಗೆ ಇದೆ. ಸ್ವಾಧೀನ ವೆಚ್ಚ, ಅಂದರೆ ಆ ಆಸ್ತಿಯನ್ನು ಕೊಳ್ಳಲು ಕೊಟ್ಟ ಬೆಲೆ, ಅದೊಂದನ್ನು ಬಿಟ್ಟು ಬೇರಾವ ಖರ್ಚನ್ನೂ ಕಳೆಯಲು ಕಾನೂನು ಬಿಡುವುದಿಲ್ಲ. ಮೈನಿಂಗ್‌ನ ಮೂಲಸೌಕರ್ಯಕ್ಕೆ ಮಾಡಿದ ಖರ್ಚು ಸ್ವಾಧೀನ ವೆಚ್ಚವಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಹಾಗಾಗಿ ತೆರಿಗೆ ಬೀಳುವುದು 216ರ ಮೇಲಲ್ಲ, ಪೂರ್ತಿ 720ರ ಮೇಲೆ. ಅದು 216 ರೂಪಾಯಿ. ಶೇ 4ರ ಸೆಸ್ ಸೇರಿಸಿದರೆ ದಿನಕ್ಕೆ ಎಂಟೂವರೆ ರೂಪಾಯಿಗೂ ಹೆಚ್ಚು ಕೈಯಿಂದಲೇ ಹೋಗುತ್ತದೆ. ಯಂತ್ರದ ಬೆಲೆಯನ್ನು ಇನ್ನೂ ಸೇರಿಸಿಲ್ಲ.

ಬಿಟ್‌ಕಾಯಿನ್ ಬೆಲೆ, ಜಾಲದ ಸಾಮರ್ಥ್ಯ ಎರಡೂ ಏರಿಳಿಯುತ್ತವೆ. ನೀವು ಕೊಳ್ಳುವ ದಿನದ ಅಂಕಿಗಳನ್ನು ಹಾಕಿ ಮತ್ತೆ ಮಾಡಿ. ಈ ಹಾಳೆ ಕೈಯಲ್ಲಿದ್ದರೆ, "ತಿಂಗಳಿಗೆ ನಲವತ್ತು ಸಾವಿರ ಗ್ಯಾರಂಟಿ" ಎನ್ನುವವನ ಜೊತೆ ಮಾತು ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಯಂತ್ರ ಮಾರುವ ವ್ಯಾಪಾರಿ ಟೆರಾಹ್ಯಾಶ್, ವಾಟ್, ವಾರಂಟಿಯ ಮಾತನಾಡುತ್ತಾನೆ. ಆದಾಯದ ಮಾತನ್ನೇ ಮೊದಲು ಎತ್ತುವವನಿಂದ ನಾನಂತೂ ಒಂದು ಸ್ಕ್ರೂ ಕೂಡ ಕೊಳ್ಳುವುದಿಲ್ಲ.

"ಕರ್ನಾಟಕದಲ್ಲಿ ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಉಚಿತ" ಎಂದು ಮಾರುವವರೂ ಇದ್ದಾರೆ. ಆ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಎಸ್‌21 ಅದನ್ನು ಮೂರನೆಯ ದಿನವೇ ದಾಟುತ್ತದೆ.

ಹಂತ 2: ಯಾವ ಸರಕನ್ನು ನೋಡಲೇಬಾರದು

ಬಿಟ್‌ಕಾಯಿನ್‌ನಂಥದೇ ಇನ್ನೊಂದು ಜಾಲವಾದ ಎಥೆರಿಯಮ್ 2022ರ ಸೆಪ್ಟೆಂಬರ್ 15ರಂದು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಗ್ರಾಫಿಕ್ಸ್ ಕಾರ್ಡ್‌ಗಳನ್ನು ಚೌಕಟ್ಟಿಗೆ ಬಿಗಿದು 'ಎಥೆರಿಯಮ್ ಮೈನರ್' ಎಂದು ಮಾರುತ್ತಿದ್ದರೆ ಮುಂದೆ ನಡೆಯಿರಿ. ಮೊಬೈಲ್‌ನಲ್ಲೇ ಬಿಟ್‌ಕಾಯಿನ್ ತೆಗೆಯುವ ಆ್ಯಪ್‌ಗಳನ್ನಂತೂ ಮುಟ್ಟಲೇಬೇಡಿ. ಇನ್ನೂ ತಯಾರಾಗದ ಯಂತ್ರಕ್ಕೆ ಮುಂಗಡ ಕೊಡುವುದೂ ಬೇಡ. ಅಮೆರಿಕದ ಬಟರ್‌ಫ್ಲೈ ಲ್ಯಾಬ್ಸ್ ಹೀಗೆ ಮುಂಗಡ ಪಡೆದು ಯಂತ್ರ ಕೊಡದೆ ಸತಾಯಿಸಿತೆಂದು 2014ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನ್ಯಾಯಾಲಯಕ್ಕೆ ಹೋಯಿತು. ಗ್ರಾಹಕರಿಗೆ ಸೇರಬೇಕಾದ ಯಂತ್ರಗಳಲ್ಲಿ ಕಂಪನಿ ತನಗಾಗಿ ಬಿಟ್‌ಕಾಯಿನ್ ತೆಗೆದುಕೊಂಡಿತು ಎಂಬುದೂ ಆರೋಪಗಳಲ್ಲಿತ್ತು.

ಇನ್ನೊಂದು ಬಗೆ, "ಯಂತ್ರ ನಮ್ಮಲ್ಲೇ ಇರಲಿ, ಹಣ ನಿಮಗೆ ಬರುತ್ತದೆ" ಎನ್ನುವುದು. ನಮ್ಮ ದೇಶದಲ್ಲಿ ಅತಿ ಹೆಚ್ಚು ಮನೆಗಳನ್ನು ಸುಟ್ಟದ್ದು ಇದೇ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ತಿಂಗಳಿಗೆ ಶೇ 10ರಂತೆ ಹದಿನೆಂಟು ತಿಂಗಳು ಕೊಡುವುದಾಗಿ ನಂಬಿಸಿತ್ತು. ಎಚ್‌ಪಿಝಡ್ ಟೋಕನ್ ಆ್ಯಪ್ ಕೂಡ ಜನರ ಹಣವನ್ನು ಮೈನಿಂಗ್ ಯಂತ್ರಗಳಲ್ಲಿ ತೊಡಗಿಸುವುದಾಗಿ ಹೇಳಿಕೊಂಡಿತ್ತು. ನೀವು ಕೈಯಿಂದ ಮುಟ್ಟಲಾಗದ ಯಂತ್ರವನ್ನು ಕೊಳ್ಳಬೇಡಿ. ಈ ವಿಷಯದಲ್ಲಿ ನನ್ನ ಬಳಿ ವಿನಾಯಿತಿಗಳಿಲ್ಲ.

ಹಂತ 3: ಹೆಸರು, ಸಂಖ್ಯೆ, ಖಾತೆ

ಜಿಎಸ್‌ಟಿ ಪ್ರಮಾಣಪತ್ರದ ಚಿತ್ರವನ್ನು ನಂಬಬೇಡಿ, ಅದರ ಮೇಲಿನ ಸಂಖ್ಯೆಯನ್ನು ಓದಿ. ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರ ಪ್ಯಾನ್. ಆ ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಇಡೀ ಸಂಖ್ಯೆಯ ಆರನೆಯ ಅಕ್ಷರ, ಮಾಲೀಕರು ಯಾರೆಂದು ಹೇಳುತ್ತದೆ. 'ಸಿ' ಇದ್ದರೆ ಕಂಪನಿ, 'ಎಫ್' ಇದ್ದರೆ ಪಾಲುದಾರಿಕೆ ಸಂಸ್ಥೆ, 'ಪಿ' ಇದ್ದರೆ ಒಬ್ಬ ವ್ಯಕ್ತಿ. ಬಿಲ್ಲಿನ ಮೇಲೆ 'ಪ್ರೈವೇಟ್ ಲಿಮಿಟೆಡ್' ಎಂದಿದ್ದು ಆರನೆಯ ಅಕ್ಷರ 'ಪಿ' ಆಗಿದ್ದರೆ ಬೇರೆ ಯಾರದೋ ಸಂಖ್ಯೆಯನ್ನು ಎತ್ತಿ ಹಾಕಿದ್ದಾರೆ ಎಂದೇ ತಿಳಿಯಿರಿ.

ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆಯನ್ನು ಹುಡುಕಿ. ಲಾಗಿನ್ ಬೇಕಿಲ್ಲ. ಕಾನೂನುಬದ್ಧ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದೆಲ್ಲ ಬರುತ್ತದೆ. ಅಲ್ಲಿಗೇ ನಿಲ್ಲಿಸದೆ ರಿಟರ್ನ್ ಸಲ್ಲಿಕೆಯ ಪಟ್ಟಿಯನ್ನೂ ತೆರೆಯಿರಿ. "ಐದು ವರ್ಷದಿಂದ ಈ ವ್ಯಾಪಾರದಲ್ಲಿದ್ದೇವೆ" ಎಂದವರ ನೋಂದಣಿಗೆ ನಾಲ್ಕೇ ತಿಂಗಳಾಗಿದ್ದು, ಒಂದು ರಿಟರ್ನ್ ಕೂಡ ಕಾಣದಿದ್ದರೆ ಬೇರೆ ಸಾಕ್ಷಿ ಬೇಡ. ಯಾವ ಸರಕಿನ ವ್ಯಾಪಾರಕ್ಕೆಂದು ನೋಂದಾಯಿಸಿದ್ದಾರೆ ಎಂಬುದನ್ನೂ ನೋಡಿ. ಸಿದ್ಧ ಉಡುಪಿನ ಅಂಗಡಿಯ ಸಂಖ್ಯೆಯಲ್ಲಿ ಮೈನಿಂಗ್ ಯಂತ್ರದ ಬಿಲ್ ಬರಕೂಡದು.

ಕೊನೆಗೆ ಬ್ಯಾಂಕ್ ಖಾತೆ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ ಮೂಲಕ ಹಣ ಕಳಿಸುವಾಗಲೂ ಖಾತೆದಾರರ ಹೆಸರನ್ನು ಮೊದಲೇ ನೋಡುವ ಸೌಲಭ್ಯವಿದೆ. ಪೋರ್ಟಲ್‌ನಲ್ಲಿ ಕಂಡ ಹೆಸರೂ ಇದೂ ಒಂದೇ ಆಗಿರಬೇಕು. "ಕಂಪನಿ ಖಾತೆಯ ಮಿತಿ ಮುಗಿದಿದೆ, ನಮ್ಮ ಮ್ಯಾನೇಜರ್ ಖಾತೆಗೆ ಹಾಕಿ" ಎಂದರೆ ಅಲ್ಲಿಗೆ ಬಿಟ್ಟುಬಿಡಿ.

ತಯಾರಕರಿಂದಲೇ ನೇರವಾಗಿ ಕೊಳ್ಳುವವರಿಗೆ ಒಂದು ಮಾತು. ಈ ಉದ್ಯಮದ ದೊಡ್ಡ ಕಂಪನಿಗಳೂ ಪೂರ್ತಿ ಹಣವನ್ನು ಮುಂಚೆಯೇ, ಕ್ರಿಪ್ಟೊ ರೂಪದಲ್ಲೂ ಪಡೆಯುತ್ತವೆ. ಹಾಗಾಗಿ ಕ್ರಿಪ್ಟೊ ಕೇಳಿದ ಮಾತ್ರಕ್ಕೆ ಮೋಸ ಎನ್ನಲಾಗದು. ನಕಲಿಗಳು ಬದುಕುವುದೂ ಇದೇ ಮರೆಯಲ್ಲಿ: ಆಂಟ್‌ಮೈನರ್ ತಯಾರಿಸುವ ಬಿಟ್‌ಮೈನ್ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಮಾಡಿದ ವಿಳಾಸ, ಹಾಗೆಯೇ ಎತ್ತಿ ಇಟ್ಟ ಚಿತ್ರಗಳು. ವೆಬ್ ವಿಳಾಸವನ್ನು ಕೈಯಿಂದಲೇ ಟೈಪ್ ಮಾಡಿ. ಯಾರೋ ಕಳಿಸಿದ ಕೊಂಡಿಯನ್ನು ಒತ್ತಬೇಡಿ.

ಹಂತ 4: ಯಂತ್ರ ನಿಮಗಾಗಿ ಒಂದು ದಿನ ದುಡಿಯಲಿ

ಎಲ್ಲರೂ ಎಡವುವುದು ಇಲ್ಲಿಯೇ. ಕಾಗದಪತ್ರ ಸರಿಯಿದ್ದರೆ ಯಂತ್ರವೂ ಸರಿಯಿದೆ ಎಂದುಕೊಳ್ಳುತ್ತಾರೆ. ಬಳಸಿದ ಯಂತ್ರ ಕೊಳ್ಳುವವರು ಈ ಹಂತವನ್ನು ಪೂರ್ತಿ ಮಾಡದೆ ಒಂದು ರೂಪಾಯಿಯನ್ನೂ ಕೊಡಬಾರದು.

ಮೊದಲೇ ತೆಗೆದ ವಿಡಿಯೊ ಬೇಡ. ನೇರ ವಿಡಿಯೊ ಕರೆ, ನೀವು ಹೇಳಿದ ಹೊತ್ತಿಗೆ. ಕರೆ ಶುರುವಾದ ಮೇಲೆ ಬಾಯಿಗೆ ಬಂದ ಒಂದು ಪದವನ್ನು ಹೇಳಿ, ಹೀರೇಕಾಯಿ ಎಂದೇ ಹೇಳಿ. ಅವರು ಅದನ್ನು ಕಾಗದದಲ್ಲಿ ಬರೆದು ಯಂತ್ರದ ಮೇಲಿಡಲಿ. ಯಂತ್ರ ಆರಿಸಿದ ಸ್ಥಿತಿಯಲ್ಲಿರಬೇಕು. ಸ್ಟಿಕ್ಕರ್‌ನ ಕ್ರಮಸಂಖ್ಯೆಯನ್ನು ಹತ್ತಿರದಿಂದ ತೋರಿಸಿ, ಅಂಚಿನ ಮೇಲೆ ಬೆರಳಾಡಿಸಲು ಹೇಳಿ. ಎರಡು ಪದರವಿದ್ದರೆ ಅಂಚು ದಪ್ಪಗಿರುತ್ತದೆ.

ಈಗ ಚಾಲೂ ಮಾಡಲಿ. ಕಿವಿಗೊಡಿ. ಈ ಯಂತ್ರಗಳ ಫ್ಯಾನಿನ ಸದ್ದು 75 ಡೆಸಿಬೆಲ್‌ನಷ್ಟು. ಪಕ್ಕದಲ್ಲಿ ನಿಂತವರು ದನಿ ಏರಿಸದೆ ಮಾತನಾಡಲಾಗದು. ಮಾರುವವನ ಮೆಲುಮಾತು ನಿಮಗೆ ಸ್ಪಷ್ಟವಾಗಿ ಕೇಳುತ್ತಿದ್ದರೆ ಆ ಯಂತ್ರ ಪೂರ್ತಿ ಶಕ್ತಿಯಲ್ಲಿ ಓಡುತ್ತಿಲ್ಲ.

ನಂತರ ಬ್ರೌಸರ್‌ನಲ್ಲಿ ಯಂತ್ರದ ಐಪಿ ವಿಳಾಸ ತೆರೆದು ಸ್ಥಿತಿಯ ಪುಟ ತೋರಿಸಲಿ, ನಿಮ್ಮೆದುರೇ ಮರುಲೋಡ್ ಮಾಡಲಿ. ಓಡಿದ ಅವಧಿ ಕೆಲವೇ ನಿಮಿಷ ಇರಬೇಕು, ಏಕೆಂದರೆ ಈಗಷ್ಟೇ ಚಾಲೂ ಮಾಡಿದ್ದಾರೆ. ಲೆಕ್ಕ ಮಾಡುವ ಚಿಪ್‌ಗಳಿರುವ ಮೂರು ಹ್ಯಾಶ್‌ಬೋರ್ಡ್‌ಗಳೂ ಕಾಣಬೇಕು. ಪ್ರತಿ ಬೋರ್ಡ್‌ನ ಚಿಪ್‌ಗಳ ಸಂಖ್ಯೆಯನ್ನು ಬರೆದುಕೊಳ್ಳಿ. ಸ್ಟಿಕ್ಕರ್ ಬದಲಿಸುವುದು ಸುಲಭ, ಬೋರ್ಡ್‌ನ ಚಿಪ್‌ಗಳನ್ನು ಹೆಚ್ಚಿಸುವುದು ಸುಲಭವಲ್ಲ. ಎಸ್‌19 ಪ್ರೊದಲ್ಲಿ ಬೋರ್ಡ್‌ಗೆ 114 ಚಿಪ್, ಸಾಮಾನ್ಯ ಎಸ್‌19ರಲ್ಲಿ 76, ಹಳೆಯ ಎಸ್‌9ರಲ್ಲಿ 63. ತಿಪಟೂರಿನ ಹುಡುಗನ ಯಂತ್ರದ ಪುಟದಲ್ಲಿ 76 ಎಂದು ನಿಚ್ಚಳವಾಗಿ ಬರೆದಿತ್ತು. ಮಾರಿದವನು ಕಳಿಸಿದ್ದ ವಿಡಿಯೊದಲ್ಲೂ ಅದೇ ಅಂಕಿ ಎರಡು ಕ್ಷಣ ಹಾದುಹೋಗಿತ್ತು. ಅದಕ್ಕೆ ಅರ್ಥವಿದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಮುಖ್ಯ ಪರೀಕ್ಷೆ. ಹಲವರ ಯಂತ್ರಗಳು ಒಟ್ಟಾಗಿ ದುಡಿದು ಗಳಿಕೆ ಹಂಚಿಕೊಳ್ಳುವ ಸೇವೆಗೆ ಮೈನಿಂಗ್ ಪೂಲ್ ಎನ್ನುತ್ತಾರೆ. ಅಂಥ ಯಾವುದಾದರೂ ಹೆಸರಾಂತ ಪೂಲ್‌ನಲ್ಲಿ ನಿಮ್ಮದೇ ಖಾತೆ ತೆರೆಯಿರಿ. ನಾನು ಹೇಳುವುದು ಬ್ರೇನ್ಸ್ ಪೂಲ್. 2010ರಲ್ಲಿ ಸ್ಲಶ್ ಪೂಲ್ ಎಂಬ ಹೆಸರಿನಲ್ಲಿ ಶುರುವಾದ, ಈ ಕ್ಷೇತ್ರದ ಮೊದಲ ಪೂಲ್ ಅದು. ಮಾರುವವರಿಗೆ ಪೂಲ್‌ನ ವಿಳಾಸ ಮತ್ತು ನೀವು ಯಂತ್ರಕ್ಕಿಟ್ಟ ವರ್ಕರ್ ಹೆಸರು ಮಾತ್ರ ಕೊಡಿ. ನಿಮ್ಮ ಖಾತೆಯ ಪಾಸ್‌ವರ್ಡ್ ಅದಕ್ಕೆ ಬೇಕಿಲ್ಲ, ಕೇಳಿದರೂ ಕೊಡಬೇಡಿ. ಅವರು ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಅವೆರಡನ್ನು ತುಂಬಿದ ಸ್ವಲ್ಪ ಹೊತ್ತಿನಲ್ಲೇ ನಿಮ್ಮ ಖಾತೆಯಲ್ಲಿ ಯಂತ್ರ ಕಾಣಿಸಿಕೊಳ್ಳುತ್ತದೆ. ಇಪ್ಪತ್ತನಾಲ್ಕು ಗಂಟೆ ಓಡಲಿ. ಮೊದಲ ಒಂದೆರಡು ಗಂಟೆಯ ಏರಿಳಿತಕ್ಕೆ ಗಾಬರಿಯಾಗಬೇಡಿ, ದಿನದ ಸರಾಸರಿ ನೋಡಿ. 110 ಎಂದು ಹೇಳಿದ ಯಂತ್ರ 106ಕ್ಕೆ ನಿಂತರೆ ನಾನು ಒಪ್ಪುತ್ತೇನೆ. 80ಕ್ಕೆ ನಿಂತರೆ ಯಾವುದೋ ಬೋರ್ಡ್ ಕೆಟ್ಟಿರಬಹುದು.

ಇದರಲ್ಲೂ ಒಂದು ಸಂದು ಇದೆ. ಹ್ಯಾಶ್ ಸಾಮರ್ಥ್ಯವನ್ನು ಬಾಡಿಗೆಗೆ ತೆಗೆದುಕೊಂಡು ನಿಮ್ಮ ಖಾತೆಗೆ ತಿರುಗಿಸಲು ಸಾಧ್ಯ. ಅದಕ್ಕಾಗಿ ಮಧ್ಯದಲ್ಲಿ ಒಮ್ಮೆ ನೀವೇ ಹೊತ್ತು ಗೊತ್ತುಮಾಡಿ, ಮತ್ತೆ ವಿಡಿಯೊ ಕರೆ ಮಾಡಿ, ಅರ್ಧ ಗಂಟೆ ಯಂತ್ರ ಆರಿಸಲು ಹೇಳಿ. ಹೀರೇಕಾಯಿಯ ಚೀಟಿ ಅದರ ಮೇಲೆಯೇ ಇರಬೇಕು, ನಿಮ್ಮ ಖಾತೆಯ ರೇಖೆ ಅದೇ ಹೊತ್ತಿಗೆ ಕೆಳಗಿಳಿಯಬೇಕು.

"ಇಷ್ಟೆಲ್ಲ ಯಾರು ಮಾಡುತ್ತಾರೆ?" ಎಂದು ಮಾರುವವರು ಸಿಡುಕಬಹುದು. ಒಂದು ದಿನದ ವಿದ್ಯುತ್ ಖರ್ಚನ್ನು ನಾನೇ ಕೊಡುತ್ತೇನೆ ಎನ್ನಿ. ಲಕ್ಷಗಟ್ಟಲೆ ಕೊಡುವ ಮುನ್ನ ಐನೂರು ರೂಪಾಯಿ ಹೋದರೆ ಹೋಗಲಿ. ಯಂತ್ರ ನಿಜವಾಗಿಯೂ ಇರುವವರು ಒಪ್ಪುತ್ತಾರೆ, ಒಪ್ಪಿದವರನ್ನು ನಾನು ಕಂಡಿದ್ದೇನೆ. ಪೆಟ್ಟಿಗೆ ಒಡೆಯದ ಹೊಸ ಯಂತ್ರವಾದರೆ ಈ ಪರೀಕ್ಷೆ ಆಗದು. ಆಗ ಕ್ರಮಸಂಖ್ಯೆ ಕೇಳಿ ಪಡೆದು, ತಯಾರಕರ ಸಹಾಯ ಪುಟದಲ್ಲಿ ವಾರಂಟಿ ಇದೆಯೇ ಎಂದು ನೀವೇ ನೋಡಿ.

ಹಂತ 5: ಹಣ ಮತ್ತು ಪೆಟ್ಟಿಗೆ

ಹೋಗಿ ತರುವಷ್ಟು ದೂರದಲ್ಲಿದ್ದರೆ ಬಸ್ ಹತ್ತಿ ಹೋಗಿ, ಯಂತ್ರ ಎತ್ತಿಕೊಂಡೇ ಹಣ ಕೊಡಿ. ಆಗದಿದ್ದರೆ ಸ್ವಲ್ಪ ಮುಂಗಡ, ಉಳಿದದ್ದು ಕ್ರಮಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಮತ್ತು ಸಾಗಣೆ ರಸೀದಿ ಕೈಸೇರಿದ ಮೇಲೆ. "ಈ ಸಂಜೆಯವರೆಗೆ ಮಾತ್ರ ಈ ಬೆಲೆ" ಎಂಬ ಒತ್ತಡಕ್ಕೆ ಬಗ್ಗಬೇಡಿ.

ಪೆಟ್ಟಿಗೆ ಬಂದಾಗ ಟೇಪ್ ಕತ್ತರಿಸುವ ಮೊದಲೇ ಮೊಬೈಲ್ ಕ್ಯಾಮೆರಾ ಚಾಲೂ ಮಾಡಿ, ಆರು ಬದಿಗಳನ್ನೂ ತೋರಿಸಿ, ಯಂತ್ರ ಹೊರತೆಗೆದು ಕ್ರಮಸಂಖ್ಯೆ ಓದುವವರೆಗೆ ನಿಲ್ಲಿಸಬೇಡಿ. ಬಳಸಿದ ಯಂತ್ರಕ್ಕೆ ತಯಾರಕರ ಸೈಟ್‌ನಿಂದಲೇ ಇಳಿಸಿಕೊಂಡ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ) ಹಾಕಿ, ಪಾಸ್‌ವರ್ಡ್ ಬದಲಿಸಿ. ಹಳೆಯ ಮಾಲೀಕನ ಫರ್ಮ್‌ವೇರ್ ನಿಮ್ಮ ದುಡಿಮೆಯ ಒಂದು ಪಾಲನ್ನು ಅವನ ಖಾತೆಗೆ ಸದ್ದಿಲ್ಲದೆ ಕಳಿಸುತ್ತಿರಬಹುದು.

ಹಣ ಕಳಿಸಿದ ಮೇಲೆ ಮಾರಿದವರ ಫೋನ್ ಸ್ವಿಚ್ ಆಫ್ ಆದರೆ ಮರುದಿನದವರೆಗೆ ಕಾಯಬೇಡಿ. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಹಿವಾಟಿನ ಸಂಖ್ಯೆ, ಹಣ ಹೋದ ಖಾತೆ, ಸಮಯ, ಇವು ಮೂರೂ ಕೈಯಲ್ಲಿರಲಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ತಿಪಟೂರಿನ ಹುಡುಗ ದೂರು ಕೊಟ್ಟದ್ದು ಹನ್ನೊಂದನೆಯ ದಿನ.